ಇಬ್ಬರು ಹೊರುವಷ್ಟು: ಫೇ ಜೋನ್ಸ್ ಪಾಠ ಹಿಡಿದು ತೋಟದಲ್ಲೊಂದು ಮನೆ ಕಟ್ಟುವುದು

ಶಿರಸಿ, ಸಿದ್ದಾಪುರದ ಕಡೆ ತೋಟದಂಚಿನಲ್ಲಿ ಚಿಕ್ಕದೊಂದು ಮನೆ ಬೇಕೆಂದು ನನ್ನ ಬಳಿ ನಕ್ಷೆ ಬರೆಸಲು ಬರುವವರು ಕುಳಿತ ಕೂಡಲೇ ಹೇಳುವ ಮಾತು ಒಂದೇ: "ಲಾರಿ ಇಳಿಯಲು ರಸ್ತೆ ಮಾಡಿಸಿ ಆಗಿದೆ." ಅಷ್ಟು ಕೇಳಿದರೆ ಸಾಕು, ಧರೆ, ಅಂದರೆ ಗುಡ್ಡದ ಇಳಿಜಾರಿನ ಮಣ್ಣು, ಎಷ್ಟು ಎತ್ತರ ಕಡಿದಿದ್ದಾರೆ ಎಂಬ ಲೆಕ್ಕ ನನ್ನ ತಲೆಯಲ್ಲಿ ಶುರುವಾಗುತ್ತದೆ. ಹದಿನೆಂಟು ಅಡಿ ಉದ್ದದ ಮನೆಗಾಗಿ ಗುಡ್ಡದ ಹೊಟ್ಟೆಯನ್ನು ನೂರಾರು ಅಡಿ ಸೀಳಿರುತ್ತಾರೆ. ಮನೆ ಗಟ್ಟಿಯಾಗಿರುತ್ತದೆ, ಗುಡ್ಡ ಇರುವುದಿಲ್ಲ.

ಹುಲೇಕಲ್ ಕಡೆಯ ನಿವೃತ್ತ ಮಾಸ್ತರೊಬ್ಬರು ಮಾತ್ರ ರಸ್ತೆ ಮಾಡಿಸುವ ಮೊದಲೇ ಬಂದರು. "ತಂಗಿ, ಓದಲಿಕ್ಕೆ, ಬಂದವರ ಜೊತೆ ಕೂತು ಮಾತಾಡಲಿಕ್ಕೆ ಒಂದು ಕೋಣೆ, ಒಂದು ಜಗುಲಿ ಸಾಕು. ಮರ ಕಡಿಯಬಾರದು, ಧರೆ ಮುಟ್ಟಬಾರದು," ಎಂದರು. ಅವರಿಗೆ ನಾನು ಅಮೆರಿಕದ ಇನ್ನೊಬ್ಬ ನಿವೃತ್ತ ಮಾಸ್ತರ ಕತೆ ಹೇಳಿದೆ. ಆ ಕತೆಯಿಂದ ನಕ್ಷೆ, ನಕ್ಷೆಯಿಂದ ಮನೆ ಹೇಗೆ ಹೊರಟಿತು ಎಂಬುದನ್ನು ಇಳಿಜಾರಿನಲ್ಲಿ ಕಟ್ಟುವ ಯಾರಿಗಾದರೂ ಉಪಯೋಗವಾಗುವಂತೆ ಇಲ್ಲಿ ಬರೆಯುತ್ತಿದ್ದೇನೆ.

ಅಲ್ಲಿನ ಮಾಸ್ತರ ಹೆಸರು ಜಿಮ್ ರೀಡ್. ಅರ್ಕನ್ಸಾ ರಾಜ್ಯದ ಯುರೇಕಾ ಸ್ಪ್ರಿಂಗ್ಸ್ ಹತ್ತಿರ ಅವರದೊಂದು ಜಾಗವಿತ್ತು. ಅಲ್ಲಿಂದ ಕಾಣುವ ಓಝಾರ್ಕ್ ಗುಡ್ಡಗಳನ್ನು ನೋಡಲು ದಾರಿಹೋಕರು ಅವರ ಜಾಗಕ್ಕೇ ಬಂದು ನಿಲ್ಲುತ್ತಿದ್ದರು. ಬೇಲಿ ಹಾಕಿಸುವ ಬದಲು, ಬಂದವರು ಕುಳಿತುಕೊಳ್ಳಲು ಕಾಡಿನೊಳಗೆ ಗಾಜಿನದೊಂದು ಪ್ರಾರ್ಥನಾ ಮಂದಿರ ಕಟ್ಟಿಸೋಣ ಎಂದು ಹೊರಟರು. ಅದನ್ನು ಕಟ್ಟಿಕೊಟ್ಟವರು ಅದೇ ರಾಜ್ಯದ ವಾಸ್ತುಶಿಲ್ಪಿ ಫೇ ಜೋನ್ಸ್. ಮಂದಿರದ ಹೆಸರು ಥಾರ್ನ್‌ಕ್ರೌನ್. 1980ರ ಜುಲೈನಲ್ಲಿ ಬಾಗಿಲು ತೆರೆಯಿತು. 24 ಅಡಿ ಅಗಲ, 60 ಅಡಿ ಉದ್ದ, 48 ಅಡಿ ಎತ್ತರ, 425 ಕಿಟಕಿ. ಇಷ್ಟೆತ್ತರದ ಕಟ್ಟಡಕ್ಕೆ ಜೋನ್ಸ್ ಹಾಕಿಕೊಂಡ ಕಟ್ಟಳೆ ಒಂದೇ: ಇಬ್ಬರು ಆಳುಗಳು ಕಾಡಿನ ಕಾಲುದಾರಿಯಲ್ಲಿ ಹೊತ್ತು ತರಲಾಗದ ಯಾವ ತುಂಡೂ ಬೇಡ. ಕಾಡಿಗೆ ದೊಡ್ಡ ಯಂತ್ರ ಇಳಿದರೆ ಯಾವ ಕಾಡನ್ನು ತೋರಿಸಲು ಕಟ್ಟುತ್ತಿದ್ದೇವೆಯೋ ಆ ಕಾಡೇ ಉಳಿಯುವುದಿಲ್ಲ ಎಂಬ ಸೀದಾ ಲೆಕ್ಕ.

ನಾನು ಅನುಸರಿಸುವುದು ಅವರ ಗಾಜನ್ನಲ್ಲ, ಈ ಕಟ್ಟಳೆಯನ್ನು. ಅದು ಅವರಿಗೆ ಹೊಳೆದದ್ದು ಹೇಗೆಂದು ತಿಳಿದರೆ ಅನುಸರಿಸುವುದು ಸುಲಭ. ಆದ್ದರಿಂದ ಅವರ ಬದುಕಿನ ನಾಲ್ಕು ಮಾತು.

ಜೋನ್ಸ್ ಹುಟ್ಟಿದ್ದು 1921ರಲ್ಲಿ, ಅರ್ಕನ್ಸಾದ ಪೈನ್ ಬ್ಲಫ್‌ನಲ್ಲಿ. ಬೆಳೆದದ್ದು ಅದೇ ರಾಜ್ಯದ ಎಲ್ ಡೊರಾಡೊ ಊರಿನಲ್ಲಿ. ಹುಡುಗನಾಗಿದ್ದಾಗ ಮರದ ಮೇಲೆ ಅಟ್ಟಣಿಗೆ ಮನೆ ಕಟ್ಟುವ ಹುಚ್ಚು. ಶಾಲೆಯ ಕೊನೆಯ ವರ್ಷಗಳಲ್ಲಿ, 1938ರಲ್ಲಿ, ಊರಿನ ಚಿತ್ರಮಂದಿರದಲ್ಲಿ ಅಮೆರಿಕದ ಹೆಸರಾಂತ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಅವರ ಜಾನ್ಸನ್ ವ್ಯಾಕ್ಸ್ ಕಟ್ಟಡದ ಮೇಲಿನ ಒಂದು ಕಿರುಚಿತ್ರ ನೋಡಿದರು. ಆಗಬೇಕಾದ್ದು ಏನೆಂದು ಅಲ್ಲಿಗೆ ತೀರ್ಮಾನವಾಯಿತು. ಆದರೆ ರಾಜ್ಯದ ವಿಶ್ವವಿದ್ಯಾಲಯದಲ್ಲಿ ವಾಸ್ತುಶಿಲ್ಪ ಕಲಿಸುತ್ತಲೇ ಇರಲಿಲ್ಲ. ಸಿವಿಲ್ ಎಂಜಿನಿಯರಿಂಗ್‌ಗೆ ಸೇರಿದರು. ನಡುವೆ ಯುದ್ಧ ಬಂತು, ನೌಕಾದಳದಲ್ಲಿ ವಿಮಾನ ಹಾರಿಸಿದರು, ಮದುವೆಯಾದರು. 1946ರಲ್ಲಿ ಮರಳಿದಾಗ ವಿಶ್ವವಿದ್ಯಾಲಯದಲ್ಲಿ ವಾಸ್ತುಶಿಲ್ಪದ ತರಗತಿ ಆಗಷ್ಟೇ ಶುರುವಾಗುತ್ತಿತ್ತು. ಅದರ ಮೊದಲ ತಂಡದಲ್ಲೇ ಕುಳಿತು 1950ರಲ್ಲಿ ಪದವಿ ಪಡೆದರು. ಡಿಪ್ಲೊಮಾ ಮಾಡಿ ಬಂದ ನನ್ನಂಥವಳಿಗೆ ಈ ಎಂಜಿನಿಯರಿಂಗ್ ಅಡ್ಡದಾರಿ ಬಹಳ ಹಿಡಿಸುತ್ತದೆ. ಭಾರ ಯಾವ ದಾರಿಯಲ್ಲಿ ನೆಲಕ್ಕಿಳಿಯುತ್ತದೆ ಎಂದು ಮೊದಲು ಕಲಿತವನು ಆಮೇಲೆ ಚಂದ ಮಾಡಲು ಹೊರಟರೆ ಆ ಚಂದಕ್ಕೆ ಬೆನ್ನೆಲುಬಿರುತ್ತದೆ.

1949ರಲ್ಲಿ ಹ್ಯೂಸ್ಟನ್‌ನಲ್ಲಿ ರೈಟ್ ಅವರನ್ನು ಕಣ್ಣಾರೆ ಕಂಡರು. ಓಕ್ಲಹಾಮಾದಲ್ಲಿ ವಾಸ್ತುಶಿಲ್ಪಿ ಬ್ರೂಸ್ ಗಾಫ್ ಅವರ ಜೊತೆ ಎರಡು ವರ್ಷ ಪಾಠ ಮಾಡಿದರು. 1953ರಲ್ಲಿ ರೈಟ್ ಅವರ ಮನೆಯೂ ಗುರುಕುಲವೂ ಆಗಿದ್ದ ಟ್ಯಾಲಿಯೆಸಿನ್‌ಗೆ ಹೋಗಿ ಶಿಷ್ಯವೃತ್ತಿ ಮಾಡಿದರು. ಇಷ್ಟೆಲ್ಲ ಆದವರು ನ್ಯೂಯಾರ್ಕಿಗೋ ಶಿಕಾಗೊಗೋ ಹೋಗಬಹುದಿತ್ತು. ಅವರು ಅರ್ಕನ್ಸಾದ ಫೇಯೆಟ್‌ವಿಲ್‌ಗೆ ಮರಳಿದರು. 1988ರವರೆಗೆ ಅಲ್ಲಿಯೇ ಕಲಿಸುತ್ತ, ಕೈಬೆರಳೆಣಿಕೆಯ ಜನರ ಕಚೇರಿಯಲ್ಲಿ ಕೆಲಸ ಮಾಡುತ್ತ ಉಳಿದರು. ಮಾಡಿದ್ದು ಹೆಚ್ಚಾಗಿ ಮನೆಗಳು, ಅದೂ ಬಹುಪಾಲು ತಮ್ಮ ರಾಜ್ಯದೊಳಗೇ. ವಾಲ್‌ಮಾರ್ಟ್ ಅಂಗಡಿ ಸರಣಿ ಕಟ್ಟಿದ ಸ್ಯಾಮ್ ವಾಲ್ಟನ್ ಅವರ ಮನೆಯೂ ಇವರದೇ. 1990ರಲ್ಲಿ ಅಮೆರಿಕದ ವಾಸ್ತುಶಿಲ್ಪಿಗಳ ಸಂಸ್ಥೆ ತನ್ನ ಚಿನ್ನದ ಪದಕವನ್ನು ಇವರಿಗೆ ಕೊಟ್ಟಿತು. 2004ರಲ್ಲಿ ಫೇಯೆಟ್‌ವಿಲ್‌ನಲ್ಲೇ ತೀರಿಕೊಂಡರು. ಒಂದೇ ಬಗೆಯ ಕಲ್ಲು, ಮರ, ಮಳೆ, ಬಡಗಿಗಳ ನಡುವೆ ಅಷ್ಟು ವರ್ಷ ಇದ್ದವನಿಗೆ ಮಾತ್ರ ಹೊಳೆಯುವ ಕಟ್ಟಳೆ ಅದು ಎಂದು ನನ್ನ ಎಣಿಕೆ.

ಇನ್ನು ಕೆಲಸಕ್ಕೆ ಬರೋಣ.

ಮೊದಲು ಗಳ, ಆಮೇಲೆ ನಕ್ಷೆ

ನಕ್ಷೆಗೆ ಕೈ ಹಾಕುವ ಮೊದಲು ಹನ್ನೆರಡು ಅಡಿಯ ಬಿದಿರಿನ ಗಳ ಒಂದನ್ನು ಕಡಿಸಿ. ವಾಹನ ನಿಲ್ಲುವ ಜಾಗದಿಂದ ಮನೆ ಕಟ್ಟುವ ಜಾಗದವರೆಗೆ ಇಬ್ಬರು ಅದನ್ನು ಹೆಗಲ ಮೇಲೆ ಹೊತ್ತು ನಡೆಯಲಿ, ನೀವು ಹಿಂದೆ ನಡೆಯಿರಿ. ಎಲ್ಲಿ ತಿರುವಿನಲ್ಲಿ ಗಳ ಸಿಕ್ಕಿಕೊಳ್ಳುತ್ತದೆ, ಕಾಲುಸಂಕದ ಮೇಲೆ ಎಲ್ಲಿ ಮುಂದಿನವನ ಕಾಲು ತಡವರಿಸುತ್ತದೆ, ಎಲ್ಲಿ ಅಡಿಕೆ ಮರಕ್ಕೆ ತಾಗುತ್ತದೆ ಎಂದು ನೋಡಿ ಗುರುತು ಹಾಕಿ. ಹನ್ನೆರಡು ಅಡಿ ತಿರುಗದಿದ್ದರೆ ಒಂದಡಿ ಕಡಿದು ಮತ್ತೆ ಹೊರಿಸಿ. ಯಾವ ಉದ್ದದ ಗಳ ಸರಾಗವಾಗಿ ಬಂದು ಮುಟ್ಟುತ್ತದೆಯೋ ಅದೇ ನಿಮ್ಮ ಮನೆಯ ಅತಿ ಉದ್ದದ ಮರ. ಮನೆಯ ಅಗಲವನ್ನು ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಬೇಕು.

ಲೆಕ್ಕ ಹೀಗೆ. ಹನ್ನೆರಡು ಅಡಿ ಅಗಲದ ಕೋಣೆ. ನಡುವಿನಿಂದ ಪ್ರತಿ ಬದಿಗೆ ಆರು ಅಡಿ. ಸೂರು ಗೋಡೆಯಿಂದ ಮೂರು ಅಡಿ ಹೊರಗೆ ಚಾಚಬೇಕು. ಒಟ್ಟು ಒಂಬತ್ತು ಅಡಿ. ಮಾಡಿನ ಓರೆ 35 ಡಿಗ್ರಿ ಇಟ್ಟರೆ ಪಕಾಸಿನ, ಅಂದರೆ ನೆತ್ತಿಯಿಂದ ಸೂರಿಗೆ ಇಳಿಯುವ ಓರೆ ಮರದ, ಉದ್ದ ಸುಮಾರು ಹನ್ನೊಂದು ಅಡಿ ಬರುತ್ತದೆ. ಹನ್ನೆರಡರ ಗಳ ತಿರುಗಿದರೆ ಹನ್ನೆರಡರ ಕೋಣೆ ಸಿಕ್ಕಿತು. ಹತ್ತರ ಗಳ ಮಾತ್ರ ತಿರುಗಿದರೆ ಕೋಣೆ ಹತ್ತಕ್ಕೆ ಇಳಿಯಲಿ. ಸೂರನ್ನು ಮಾತ್ರ ಕತ್ತರಿಸಬೇಡಿ.

ಈ ನಡಿಗೆಯನ್ನು ಜುಲೈ, ಆಗಸ್ಟಿನಲ್ಲಿ ಮಾಡಿದರೆ ಒಳ್ಳೆಯದು. ಬೇಸಿಗೆಯಲ್ಲಿ ಎಲ್ಲ ದಾರಿಯೂ ದಾರಿಯೇ. ಮಳೆಗಾಲದಲ್ಲಿ ನೀರು ಯಾವುದು ತನ್ನ ದಾರಿ, ಯಾವುದು ನಿಮ್ಮದು ಎಂದು ತಾನೇ ತೋರಿಸಿಕೊಡುತ್ತದೆ. ಜೊತೆಗೆ ಜಾಗದ ಆರೋಗ್ಯವನ್ನೂ ನೋಡಿ: ಮರಗಳ ಬುಡ ಕೆಳಮುಖವಾಗಿ ಬಾಗಿವೆಯೇ, ನೆಲದಲ್ಲಿ ಬಿಲ್ಲಿನಂತೆ ಬಾಗಿದ ಬಿರುಕು ಬಿಟ್ಟಿದೆಯೇ, ಮೊದಲು ಇಲ್ಲದ ಕಡೆ ಒರತೆ ಎದ್ದಿದೆಯೇ. ಮೂರರಲ್ಲಿ ಒಂದು ಕಂಡರೂ ಅಲ್ಲಿ ಕಟ್ಟಬೇಡಿ. 2021ರ ಜುಲೈನಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಮನೆ, ತೋಟಗಳು ಗುಡ್ಡದ ಜೊತೆ ಜಾರಿದವು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಗುಡ್ಡ ಕುಸಿದು ಜನ ಸತ್ತರು. ಎರಡನ್ನೂ ಕಂಡ ಜಿಲ್ಲೆಯಲ್ಲಿ ಧರೆ ಕಡಿಯುವುದನ್ನು ಖರ್ಚಿನ ಬಾಬತ್ತು ಮಾತ್ರವೆಂದು ನೋಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಕಾಗದಪತ್ರದ ವಿಷಯ ಒಂದೇ ಮಾತು: ಸ್ವಂತ ಜಾಗವೆಂದು ಪಹಣಿ ನೋಡಿ ಖಾತ್ರಿ ಮಾಡಿಕೊಂಡು ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ. ತೋಟಕ್ಕೆ ಸೊಪ್ಪು ತರಲೆಂದು ಬಿಟ್ಟ ಕಾಡು, ಅಂದರೆ ಸೊಪ್ಪಿನ ಬೆಟ್ಟದಲ್ಲಿ ಕಟ್ಟುವ ಯೋಚನೆ ಇದ್ದರೆ ಅದನ್ನು ಇಲ್ಲಿಗೇ ಬಿಡಿ.

ಭಾರದ ಪಟ್ಟಿ

ಸಾಮಾನ್ಯವಾಗಿ ಅಂದಾಜು ಪಟ್ಟಿಯಲ್ಲಿ ಪ್ರತಿ ಸಾಮಾನಿನ ಮುಂದೆ ದರ ಬರೆಯುತ್ತೇವೆ. ಇಲ್ಲಿ ದರದ ಪಕ್ಕಕ್ಕೆ ತೂಕದ ಸಾಲೊಂದನ್ನು ಎಳೆಯಿರಿ. ಸಿಮೆಂಟ್ ಚೀಲ 50 ಕಿಲೋ. ಒಬ್ಬ ಗಟ್ಟಿಗ ಹೊರುತ್ತಾನೆ, ಆದರೆ ಇಳಿಜಾರಿನಲ್ಲಿ ಹೊರಿಸಬೇಡಿ, ಎರಡು ಚೀಲಕ್ಕೆ ಬಿಚ್ಚಿ ಹಾಕಿ. ಚಿರೆಕಲ್ಲು ಗಾತ್ರ ನೋಡಿಕೊಂಡು 25ರಿಂದ 35 ಕಿಲೋ. ಮಂಗಳೂರು ಹಂಚು ಒಂದಕ್ಕೆ ಎರಡೂವರೆಯಿಂದ ಮೂರು ಕಿಲೋ.

ಹೀಗೆ ಬರೆದ ಕೂಡಲೇ ಮನೆ ತನ್ನ ರೂಪವನ್ನು ತಾನೇ ಬದಲಿಸಿಕೊಳ್ಳುತ್ತದೆ. ಮಾಸ್ತರ ಮನೆಗೆ ನಾಲ್ಕೂ ಕಡೆ ಚಿರೆಕಲ್ಲಿನ ಗೋಡೆ ಎಂದು ಮೊದಲು ಗೀಚಿದ್ದೆವು. ಎಷ್ಟು ಕಲ್ಲು, ಎಷ್ಟು ಹೊರೆ ಎಂದು ಕೂಡಿಸಿದಾಗ ಮಾಸ್ತರೇ, "ಕಲ್ಲು ಪಡುವಣಕ್ಕೆ ಸಾಕು, ಮಳೆ ಬರುವುದು ಅಲ್ಲಿಂದ ತಾನೆ?" ಎಂದರು. ಸರಿಯಾದ ಮಾತು. ಪಶ್ಚಿಮಕ್ಕೆ ಪೂರ್ತಿ ಕಲ್ಲು. ಉಳಿದ ಮೂರು ಬದಿಗೆ ಎರಡೂವರೆ ಅಡಿ ಎತ್ತರ ಕಲ್ಲು, ಅದರ ಮೇಲೆ ಮರದ ಚೌಕಟ್ಟು, ಹಲಗೆ. ಕೋಣೆಗೆ ಬೆಳಕು ಬಂತು, ಹೊರೆ ಬಹಳಷ್ಟು ಇಳಿಯಿತು.

ಹಂಚಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಹದಿನೆಂಟು ಅಡಿ ಉದ್ದದ ಮನೆಗೆ ಎರಡೂ ತುದಿಯಲ್ಲಿ ಎರಡೆರಡು ಅಡಿ ಚಾಚು ಸೇರಿಸಿ ಮಾಡಿನ ಉದ್ದ ಇಪ್ಪತ್ತೆರಡು. ಹನ್ನೊಂದು ಅಡಿಯ ಎರಡು ಇಳಿಜಾರು ಸೇರಿ 484 ಚದರ ಅಡಿ. ನೂರು ಚದರ ಅಡಿಗೆ ಸುಮಾರು 150 ಹಂಚು ಬೇಕು. ಒಡೆಯುವುದನ್ನೂ ಸೇರಿಸಿ 800 ತರಿಸಿ. ಎರಡು ಟನ್ನಿಗೂ ಮೇಲಿನ ಭಾರ, ಆದರೆ ಹತ್ತು ಹತ್ತಾಗಿ ತಲೆಹೊರೆಯಲ್ಲಿ ಬರುತ್ತದೆ. ಇದೇ ಭಾರದ ಕಾಂಕ್ರೀಟ್ ಹೀಗೆ ಬರುವುದಿಲ್ಲ.

ಸಣ್ಣ ಮರದಿಂದ ದೊಡ್ಡ ಮಾಡು

ಜೋನ್ಸ್ ಅವರ ಜಾಣತನವೆಲ್ಲ ಇಲ್ಲಿದೆ, ಆದ್ದರಿಂದ ನಿಧಾನವಾಗಿ ಹೇಳುತ್ತೇನೆ. ಥಾರ್ನ್‌ಕ್ರೌನ್‌ಗೆ ಅವರಿಗೆ ಪ್ರೇರಣೆ ಪ್ಯಾರಿಸ್ಸಿನ ಸೇಂಟ್ ಶಾಪೆಲ್ ಎಂಬ ಹಳೆಯ ಕಲ್ಲಿನ ಚರ್ಚು. ಗಾಥಿಕ್ ಚರ್ಚುಗಳಲ್ಲಿ ಕಮಾನು ಗೋಡೆಯನ್ನು ಹೊರಕ್ಕೆ ತಳ್ಳುತ್ತದೆ. ಅದಕ್ಕೆ ಹೊರಗಿನಿಂದ ಕಲ್ಲಿನ ಆನಿಕೆ ಕೊಡುತ್ತಾರೆ. ಜೋನ್ಸ್ ಇದನ್ನು ತಿರುಗಿಸಿದರು. ಹೊರಗಿನಿಂದ ಆನಿಸುವ ಬದಲು ಒಳಗೇ ಅಡ್ಡಡ್ಡ ಪಟ್ಟಿಗಳಿಂದ ಎರಡೂ ಬದಿಯನ್ನು ಹಿಡಿದಿಟ್ಟರು. ಪಟ್ಟಿಗಳೆಲ್ಲ ಮರದಂಗಡಿಯಲ್ಲಿ ಸಿಗುವ ಸಾಮಾನ್ಯ ಪೈನ್: ಎರಡು ಇಂಚು ದಪ್ಪ, ಅಗಲ ನಾಲ್ಕು, ಆರು, ಹನ್ನೆರಡು. ದೊಡ್ಡ ಚೌಕಟ್ಟುಗಳನ್ನು ನೆಲದ ಮೇಲೆ ಜೋಡಿಸಿ ಎತ್ತಿ ನಿಲ್ಲಿಸಿದರು. ಪಟ್ಟಿಗಳು ಸೇರುವ ಕಡೆ ವಜ್ರಾಕಾರದ ಉಕ್ಕಿನ ಕೂಡಿಕೆ, ನಡುವೆ ಟೊಳ್ಳು; ಅದರೊಳಗಿನಿಂದ ಬೆಳಕು ಹಾಯುತ್ತದೆ. ತಲೆ ಎತ್ತಿದರೆ ಕಾಡಿನ ಕೊಂಬೆಗಳೇ ಹೆಣೆದುಕೊಂಡಂತೆ ಕಾಣುತ್ತದೆ.

ನಮ್ಮಲ್ಲಿ ಹೀಗೆ ಮಾಡಿ. 6×4 ಇಂಚಿನ ಒಂದು ತೊಲೆ ಬೇಕಾದಲ್ಲಿ 6×2ರ ಎರಡು ಪಟ್ಟಿ ತನ್ನಿ. ನಡುವೆ ಅಲ್ಲಲ್ಲಿ ಮರದ ತುಂಡು ಕೊಟ್ಟು ಬೋಲ್ಟ್ ಹಾಕಿ ಜೋಡಿಸಿ. ಒಣಗಿದ ಅಕೇಶಿಯಾದ ಹನ್ನೊಂದು ಅಡಿಯ ಇಂಥ ಒಂದು ಪಟ್ಟಿ ಹೆಚ್ಚೆಂದರೆ ಇಪ್ಪತ್ತು ಕಿಲೋ. ಇಬ್ಬರು ಮಾತಾಡಿಕೊಂಡು ಹೊರಬಹುದು. ಆರಾರು ಅಡಿಗೆ ಒಂದರಂತೆ ನಾಲ್ಕು ಚೌಕಟ್ಟು ನಿಲ್ಲಿಸಿದರೆ ನಡುವೆ ಮೂರು ಅಂತರ, ಅಂದರೆ ಮೂರು ಅಂಕಣದ ಮನೆ. ಚೌಕಟ್ಟಿನ ಎರಡು ಕಾಲುಗಳನ್ನು ಹೊರಕ್ಕೆ ಜಾರದಂತೆ ಹಿಡಿಯುವ ಅಡ್ಡಪಟ್ಟಿಯನ್ನು ಯಾವ ಕಾರಣಕ್ಕೂ ಬಿಡಬೇಡಿ. "ತಲೆಗೆ ತಾಗುತ್ತದೆ, ತೆಗೆಯೋಣ" ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಕಂಬದಿಂದ ಮಾಡಿಗೆ ಓರೆಯಾಗಿ ಮೂರು ಅಡಿಯ ತುಂಡುಗಳನ್ನು ಕೊಡಿ. ಗಾಳಿ ಬೀಸಿದಾಗ ಮನೆ ಓಲಾಡದಂತೆ ತಡೆಯುವುದು ಇವೇ. ಹೊಸ ಅಕೇಶಿಯಾ ಮನಸ್ಸಿಗೆ ಬಂದಂತೆ ತಿರುಚಿಕೊಳ್ಳುತ್ತದೆ. ಸಾಮಿಲ್‌ನಿಂದ ಸೀಳಿಸಿ ತಂದು ನೆರಳಿನಲ್ಲಿ, ಪಟ್ಟಿಯ ನಡುವೆ ರೀಪು ಕೊಟ್ಟು ಗಾಳಿಯಾಡುವಂತೆ ಪೇರಿಸಿ, ಕೆಲವು ತಿಂಗಳು ಬಿಟ್ಟೇ ಬಳಸಿ.

ಮೊದಲ ಚೌಕಟ್ಟನ್ನು ಆಚಾರಿಯವರು ಅಂಗಳದಲ್ಲಿ ಮಲಗಿಸಿ ಪೂರ್ತಿ ಜೋಡಿಸಲಿ. ಅದನ್ನೇ ಅಚ್ಚಾಗಿಟ್ಟುಕೊಂಡು ಉಳಿದ ಮೂರಕ್ಕೆ ತೂತು ಕೊರೆದು, ಬಿಚ್ಚಿ, ಗುರುತು ಹಾಕಿ, ತೋಟಕ್ಕೆ ಇಳಿಸಬೇಕು. ನಮ್ಮ ಆಚಾರಿ ಈ ನಕ್ಷೆ ನೋಡಿ ಮೊದಲು ಮೂಗು ಮುರಿದರು. "ಇಷ್ಟು ತೆಳ್ಳಗಿನ ಮರದಲ್ಲಿ ನಾನು ಕೊಟ್ಟಿಗೆಯನ್ನೂ ಕಟ್ಟುವುದಿಲ್ಲ ಅಮ್ಮ," ಎಂದರು. ವಾದ ಮಾಡಲಿಲ್ಲ. ಒಂದು ಪಟ್ಟಿಯ ನಡುವೆ ಅವರನ್ನೇ ನಿಲ್ಲಿಸಿದೆ, ಬಾಗಿತು. ಎರಡನ್ನು ಜೋಡಿಸಿ ಓರೆತುಂಡು ಕೊಟ್ಟ ಮೇಲೆ ಅವರೂ ಅವರ ಮಗನೂ ಒಟ್ಟಿಗೆ ನಿಂತರು. ಆಮೇಲೆ ಓರೆತುಂಡಿನ ತುದಿಗೆ ಚಂದದ ಕಚ್ಚು ಹಾಕುವ ಯೋಚನೆ ಅವರದೇ ಆಯಿತು.

ಬೋಲ್ಟಿನ ವಿಷಯ: ಘಟ್ಟದ ಮೇಲೆ ಸತುವಿನ ಲೇಪದ ಬೋಲ್ಟ್ ಸಾಕು. ಕಾರವಾರ, ಅಂಕೋಲಾ, ಕುಮಟಾದಲ್ಲಿ ಸಮುದ್ರದ ಉಪ್ಪುಗಾಳಿ ತಾಗುವ ಜಾಗವಾದರೆ ಸ್ಟೇನ್‌ಲೆಸ್ ಸ್ಟೀಲ್ ಹಾಕಿ, ಚೌಕಾಸಿ ಬೇಡ.

ಕಾಲು ಊರುವುದು

ಜಾಗ ಸಮತಟ್ಟು ಮಾಡಲು ಜೆಸಿಬಿ ತರಿಸಬೇಡಿ. ಚೌಕಟ್ಟಿನ ಪ್ರತಿ ಕಾಲಿಗೆ ಬೇರೆ ಬೇರೆ ಗುಂಡಿ ತೆಗೆದು ಗಟ್ಟಿ ಮಣ್ಣು ಸಿಗುವವರೆಗೆ ಇಳಿಯಿರಿ; ಮೂರಡಿಗಿಂತ ಕಡಿಮೆ ಬೇಡ. ಅಲ್ಲಿಂದ ಚಿರೆಕಲ್ಲಿನ ಕಂಬ ಎಬ್ಬಿಸಿ. ಮೇಲ್ಬದಿಯ ಕಂಬ ಗಿಡ್ಡ, ಕೆಳಬದಿಯದು ಎತ್ತರ. ಮೇಲೆ ಎಲ್ಲವೂ ಒಂದೇ ಮಟ್ಟ. ಕಲ್ಲಿಗೂ ಮರಕ್ಕೂ ನಡುವೆ ತಗಡಿನ ಹಾಳೆಯೊಂದನ್ನು ಅಂಚು ಬಾಗಿಸಿ ಕೂರಿಸಿ. ಒರಲೆ (ಗೆದ್ದಲು) ಅದನ್ನು ಸುತ್ತಿ ಬರಲು ಮಣ್ಣಿನ ಕೊಳವೆ ಕಟ್ಟಿದರೆ ಕಣ್ಣಿಗೆ ಬೀಳುತ್ತದೆ, ಕೆಡವಬಹುದು. ಕೆಳಬದಿಯ ಕಂಬ ಐದಡಿ ದಾಟಿದರೆ ಅಥವಾ ಇಳಿಜಾರು ತೀರಾ ಕಡಿದಾಗಿದ್ದರೆ ಎಂಜಿನಿಯರರನ್ನು ಕರೆತಂದು ತೋರಿಸಿ.

ಮನೆಯ ಮೇಲ್ಬದಿಗೆ ಎಂಟು ಹತ್ತು ಅಡಿ ದೂರದಲ್ಲಿ, ತೋಟದ ಬಸಿಗಾಲುವೆಯ ಹಾಗೆಯೇ, ಅಡ್ಡಲಾಗಿ ಒಂದು ಕಾಲುವೆ ತೆಗೆದು ನೀರನ್ನು ಪಕ್ಕದ ಹಳ್ಳಕ್ಕೆ ತಿರುಗಿಸಿ. ನೆರೆಯವರ ತೋಟಕ್ಕೆ ಬಿಟ್ಟರೆ ಮನೆ ಮುಗಿಯುವ ಮೊದಲೇ ಜಗಳ ಮುಗಿಯದಂತಾಗುತ್ತದೆ.

ಜೋನ್ಸ್ ಮಾತು ಕೇಳಬಾರದ ಕಡೆ

ಯುರೇಕಾ ಸ್ಪ್ರಿಂಗ್ಸಿನ ಇಡೀ ವರ್ಷದ ಮಳೆ ನಮ್ಮ ಕರಾವಳಿಯ ಅರ್ಧದಷ್ಟೂ ಇಲ್ಲ. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಓರೆಯಾಗಿ ಹೊಡೆಯುತ್ತದೆ. ನೆಲದಿಂದ ಸೂರಿನವರೆಗೆ ಗಾಜು ಹಾಕಿದರೆ ಮಳೆಗಾಲದಲ್ಲಿ ಬೂಷ್ಟು, ಏಪ್ರಿಲಿನಲ್ಲಿ ಒಲೆ. ಗಾಜು ಬೇಕೇ ಬೇಕಾದರೆ ಪೂರ್ವಕ್ಕೆ, ಜಗುಲಿಯ ಒಳಗೆ, ಸೂರಿನ ನೆರಳಿನಲ್ಲಿ ಹಾಕಿ. ನಕ್ಷೆ ಬರೆಸಲು ಬರುವ ಹುಡುಗರು ಮೊಬೈಲಿನಲ್ಲಿ ಥಾರ್ನ್‌ಕ್ರೌನ್ ಚಿತ್ರ ತೋರಿಸಿ "ಹೀಗೇ ಬೇಕು" ಎಂದಾಗ ಒಂದು ಶ್ರಾವಣ ಕಳೆದು ಬನ್ನಿ ಎನ್ನುತ್ತೇನೆ.

ಅವರು ಮಾಡಿನ ನೆತ್ತಿಯುದ್ದಕ್ಕೂ ಬೆಳಕಿನ ಸೀಳು ಬಿಟ್ಟಿದ್ದಾರೆ. ನಮ್ಮಲ್ಲಿ ನೆತ್ತಿಯೇ ಸೋರುವ ಜಾಗ. ಅದರ ಬದಲು ನೆತ್ತಿಯಿಂದ ಎರಡು ಸಾಲು ಕೆಳಗೆ, ಅಂಕಣಕ್ಕೆ ಎರಡರಂತೆ ಗಾಜಿನ ಹಂಚು ಇಡಿ. ಮಂಗಗಳ ಕಾಟವಿದ್ದರೆ, ಶಿರಸಿಯಲ್ಲಿ ಇಲ್ಲದಿದ್ದರೆ ಅದೇ ಸುದ್ದಿ, ಗಾಜಿನ ಹಂಚಿನ ಮೇಲೆ ತಂತಿ ಬಲೆ ಬಿಗಿಯಿರಿ. ಮಂಗ ಒಡೆಯುತ್ತದೆಂದು ಹಂಚನ್ನೇ ಬಿಟ್ಟು ತಗಡಿಗೆ ಹೋದವರು ಬಹಳ, ತಪ್ಪೆನ್ನಲಾರೆ. ತಗಡು ಹಗುರ, ಹೊರಲೂ ಸುಲಭ. ಮಳೆ ಸದ್ದಿನಲ್ಲಿ ಮಾತು ಕೇಳುವುದಿಲ್ಲ, ಅಷ್ಟೇ. ಮಾಸ್ತರಿಗೆ ಮಾತೇ ಮುಖ್ಯವಾದ್ದರಿಂದ ಹಂಚು ಉಳಿಯಿತು.

ಬಣ್ಣದಲ್ಲಿ ಮಾತ್ರ ಜೋನ್ಸ್ ಹೇಳಿದ್ದು ಸರಿ. ಸುತ್ತಲಿನ ಮರದ ತೊಗಟೆಗೆ ಹೊಂದುವಂತೆ ಅವರು ಪೈನ್ ಮರಕ್ಕೆ ಬೂದು ಬಣ್ಣವನ್ನು ಕೈಯಿಂದ ಉಜ್ಜಿಸಿದ್ದರು. ನಮ್ಮಲ್ಲಿ ಗೇರುಬೀಜದ ಸಿಪ್ಪೆಯ ಎಣ್ಣೆ ಇದೆ. ಕರಾವಳಿಯಲ್ಲಿ ದೋಣಿಗೂ ಮರಕ್ಕೂ ಬಳಿಯುವುದು ಅದನ್ನೇ. ಮರ ಕಪ್ಪುಗಂದು ಆಗುತ್ತದೆ, ಅಡಿಕೆ ತೋಟದ ನೆರಳಿಗೆ ಚೆನ್ನಾಗಿ ಕೂಡುತ್ತದೆ, ಹುಳು ಹತ್ತಿರ ಬರುವುದಿಲ್ಲ. ಚರ್ಮ ಸುಡುತ್ತದೆ, ಕೈಗವಸು ಹಾಕಿಯೇ ಬಳಿಯಬೇಕು. ಬೇಸಿಗೆಯಲ್ಲಿ ಎರಡು ಕೈ, ಮೊದಲನೆಯದು ಪೂರ್ತಿ ಒಣಗಿದ ಮೇಲೆ ಎರಡನೆಯದು.

ಹಣ ಮತ್ತು ಸರದಿ

ಜಿಮ್ ರೀಡ್ ಅವರ ಕೈಯ ಹಣ ಮಂದಿರದ ಕೆಲಸ ನಡುವೆ ಇರುವಾಗಲೇ ಮುಗಿದಿತ್ತು; ಕೊನೆಗೆ ಸಾಲ ಸಿಕ್ಕಿದ್ದರಿಂದ ಕಟ್ಟಡ ಎದ್ದಿತು. ಸಾಲವನ್ನು ನಂಬಿ ಕೂರುವ ಬದಲು ಕೆಲಸವನ್ನು ಎಲ್ಲಿ ನಿಲ್ಲಿಸಿದರೆ ಹಾಳಾಗುವುದಿಲ್ಲ ಎಂದು ಮೊದಲೇ ಗೊತ್ತು ಮಾಡಿಕೊಳ್ಳಿ. ಅಡಿಕೆ ಕೊಯ್ಲು ಮುಗಿದು ಆಳುಗಳು ಸಿಗುವ ಹೊತ್ತಿಗೆ ಕಂಬ ಮತ್ತು ಚೌಕಟ್ಟು. ಮೇ ಕೊನೆಯೊಳಗೆ ಹಂಚು. ಇಷ್ಟಾದರೆ ಗೋಡೆ, ನೆಲ ಏನೂ ಇಲ್ಲದೆಯೂ ಮಳೆಗಾಲ ಕಳೆಯಬಹುದು, ಮಾಡಿನ ಅಡಿಯಲ್ಲಿ ಹಲಗೆಗಳು ಒಣಗುತ್ತಿರುತ್ತವೆ. ಹಂಚು ಹೊದಿಸಲು ಹಣ ಇಲ್ಲದಿದ್ದರೆ ಚೌಕಟ್ಟನ್ನು ನಿಲ್ಲಿಸಲೇ ಬೇಡಿ. ಬಿಚ್ಚಿಟ್ಟ ಪಟ್ಟಿಗಳು ಅಟ್ಟದ ಮೇಲೆ ಇನ್ನೊಂದು ವರ್ಷ ಇರಲಿ. ಗೋಡೆ ಮತ್ತು ಹಲಗೆ ದೀಪಾವಳಿಯ ನಂತರ.

ಹೊರೆಯ ಕೂಲಿಯನ್ನು ಅಂದಾಜಿನಲ್ಲಿ ಬೇರೆಯಾಗಿಯೇ ಬರೆಯಿರಿ. ಅದು ದೊಡ್ಡದಾಗಿ ಕಾಣುತ್ತದೆ. ಆಗ ಯಾರಾದರೂ, "ಇದಕ್ಕಿಂತ ರಸ್ತೆ ಮಾಡಿಸುವುದೇ ಅಗ್ಗವಲ್ಲವೇ?" ಎಂದು ಕೇಳುತ್ತಾರೆ. ಯಂತ್ರದ ಗಂಟೆ ಬಾಡಿಗೆ ಮಾತ್ರ ಹಿಡಿದರೆ ಅಗ್ಗವೇ. ಅದರ ಜೊತೆ ಕಡಿದ ಧರೆಗೆ ಕಟ್ಟಬೇಕಾದ ಕಲ್ಲಿನ ತಡೆಗೋಡೆ, ಪ್ರತಿ ವರ್ಷ ಕೊಚ್ಚಿಹೋಗುವ ಮಣ್ಣು ತುಂಬಿಸುವ ಖರ್ಚು, ಹೋದ ಅಡಿಕೆ ಮರಗಳ ಫಸಲು ಇಷ್ಟನ್ನೂ ಅದೇ ಹಾಳೆಯಲ್ಲಿ ಪಕ್ಕದಲ್ಲೇ ಬರೆದು ಕೂಡಿಸಿ ತೋರಿಸಿ.

ಮನೆ ಆದ ಮೇಲೆ ವರ್ಷಕ್ಕೆ ಎರಡು ಬಾರಿ ಸುತ್ತು ಹಾಕಿ. ಮೇ ತಿಂಗಳಲ್ಲಿ ಮೇಲಿನ ಕಾಲುವೆಯ ದರಗು ಬಾಚಿ, ಜಾರಿದ ಹಂಚು ಕೂರಿಸಿ. ಇದಕ್ಕಾಗಿಯೇ ಉಳಿದ ಹಂಚುಗಳನ್ನು ಮನೆಯ ಅಡಿಯಲ್ಲಿ ಪೇರಿಸಿಟ್ಟಿರಬೇಕು. ನವರಾತ್ರಿಯ ಹೊತ್ತಿಗೆ ತಗಡಿನ ಹಾಳೆಯ ಸುತ್ತ ಒರಲೆ ಕೊಳವೆ ಇದೆಯೇ ನೋಡಿ, ಮೊದಲ ಎರಡು ವರ್ಷ ಮರ ಒಣಗಿ ಸಡಿಲಾಗುವ ಬೋಲ್ಟುಗಳನ್ನು ಒಂದೊಂದು ಸುತ್ತು ಬಿಗಿಯಿರಿ. ಪಡುವಣ ಬದಿಯ ಪಕಾಸಿನ ತುದಿಗೆ ಮೂರು ವರ್ಷಕ್ಕೊಮ್ಮೆ ಎಣ್ಣೆ ಬೇಕಾಗುತ್ತದೆ. ಪೂರ್ವದ ಬದಿಗೆ ಅಷ್ಟು ಬೇಗ ಬೇಡ.